ಮೇಣ ಹಚ್ಚಿದ ಡಬ್ಬಿ

ನೈರೋಬಿಯ ಹರ್ಲಿಂಗ್‌ಹ್ಯಾಮಿನ ನನ್ನ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಏನೂ ಕೊಳ್ಳದೆ ಅತಿ ಹೆಚ್ಚು ಸಲ ಬಂದವರೆಂದರೆ ಇನೋಸೆಂಟ್ ಪಿಂಟೊ. ಇಲ್ಲಿನ ಥಿಯೇಟರೊಂದರಲ್ಲಿ, ಅದು ಮುಚ್ಚುವವರೆಗೂ, ಪ್ರೊಜೆಕ್ಟರ್ ಓಡಿಸಿದವರು. ಕ್ರಿಶ್ಚಿಯನ್ ಹಿರಿಯರನ್ನು ಕರೆಯುವ ಮಂಗಳೂರಿನ ರೂಢಿಯಂತೆ ನಾನು ಅವರನ್ನು ಪೊರ್ಬುಗಳೇ ಎಂದರೆ ಅವರು ನನ್ನನ್ನು ಶೆಟ್ರೇ ಎನ್ನುತ್ತಾರೆ. ಬಂದಾಗಲೆಲ್ಲ ತಮ್ಮ ಹಳೆಯ ಪ್ರೊಜೆಕ್ಟರಿಗಾಗಿ ಒಂದೇ ಪ್ರಶ್ನೆ: "ಬಲ್ಬು ಸಿಕ್ಕಿತಾ?"

ಬಲ್ಬಿನ ಹಿಂದೆ ಇದ್ದದ್ದು ಹೆಂಡತಿ ಡುಲ್ಸಿನ್ ಬಾಯಮ್ಮ. ಮದುವೆಗೆ ಮುಂಚೆ ಅವರ ಥಿಯೇಟರಿನಲ್ಲಿ ಚೀನಾದ ಕತ್ತಿಕಾಳಗದ ಚಿತ್ರವೊಂದು ವಾರಗಟ್ಟಲೆ ಓಡಿತ್ತು. ಬಾಯಮ್ಮ ಮತ್ತೆ ಮತ್ತೆ ಹೋದರು. ಚಿತ್ರಕ್ಕೋ, ಓಡಿಸುವವನಿಗೋ, ನಾನು ಕೇಳಿಲ್ಲ. ಚಿತ್ರದಲ್ಲಿ ಅಣ್ಣನನ್ನು ಕೊಂದವನನ್ನು ಹುಡುಕಿ ಹೊರಟ ಹುಡುಗಿಗೆ ಹಗ್ಗದ ಸೇತುವೆಯ ಮೇಲೆ ಅವನು ಸಿಗುತ್ತಾನೆ. ನೋಡಿದರೆ, ಅವಳಿಗೆ ಕತ್ತಿ ಕಲಿಸಿದ ಗುರು! ಅಲ್ಲಿಗೆ ಕೊನೆಯ ರೀಲು ಶುರು, ಬಾಯಮ್ಮ ಏಳುವುದೂ ಅಲ್ಲಿಗೇ. ಮನೆಯಲ್ಲಿ ಸಂಜೆಯ ತೇರ್ಸ್, ಅಂದರೆ ಜಪಮಾಲೆಯ ಪ್ರಾರ್ಥನೆ, ಆರಂಭವಾಗುವ ಮುಂಚೆ ಮಗಳು ಒಳಗಿರಬೇಕೆಂಬುದು ಅಪ್ಪನ ಕಾನೂನು.

"ಕೊನೆಯದನ್ನು ನಾನು ತೋರಿಸ್ತೇನೆ," ಎಂದು ಇನೋಸೆಂಟ್ ಮಾತು ಕೊಟ್ಟರು. ಥಿಯೇಟರು ಮುಚ್ಚಿದಾಗ, ಅಲ್ಲೇ ಉಳಿದುಹೋಗಿದ್ದ ಆ ರೀಲನ್ನೂ ಪ್ರೊಜೆಕ್ಟರನ್ನೂ ತಂದುಕೊಂಡರು. ಕಿಲಿಮಾನಿಯ ಅವರ ಫ್ಲಾಟಿನ ಲಿಫ್ಟಿಗೆ ಹಿಡಿಯದ, ಬಲ್ಬು ಸುಟ್ಟ ಪ್ರೊಜೆಕ್ಟರ್ ನನ್ನ ಗೋದಾಮಿನಲ್ಲಿ ಕೂತಿತು, ಬಾಡಿಗೆಯಿಲ್ಲದೆ.

"ಪೆನ್‌ಡ್ರೈವಿಗೆ ಹಾಕಿಸಿ ಟೀವಿಯಲ್ಲಿ ನೋಡಿ ಮಾರಾಯ್ರೆ," ಎಂದು ನಾನು ಎಷ್ಟೋ ಸಲ ಹೇಳಿದೆ.

"ಅದೆಂತ ಮದುವೆ ವೀಡಿಯೋವಾ ಶೆಟ್ರೇ? ಅವಸರ ಎಂತ, ರೀಲು ಎಲ್ಲಿಗೆ ಹೋಗ್ತದೆ?"

ಥಿಯೇಟರಿನವರು ತಮಗೆ ತೋಚಿದ ಹೆಸರಿಟ್ಟು ಓಡಿಸಿದ್ದ ಚಿತ್ರ. ಇಂಟರ್ನೆಟ್ಟಿನಲ್ಲಿ ಹುಡುಕಿದರೂ ಸಿಗಲಿಲ್ಲ.

ಈ ವರ್ಷ ಅವರ ಮದುವೆಗೆ ಐವತ್ತು ತುಂಬಿತು. ದುಬೈಯಿಂದ ಬಲ್ಬು ತರಿಸಿ, ಗೋದಾಮಿನ ಗೋಡೆಗೆ ಬಿಳಿ ಬೆಡ್‌ಶೀಟು ಕಟ್ಟಿದೆ. ಬಾಯಮ್ಮ ರೇಷ್ಮೆ ಸೀರೆ ಉಟ್ಟು ಮುಂದಿನ ಕುರ್ಚಿಯಲ್ಲಿ ಕೂತರು. ಇನೋಸೆಂಟ್ ಡಬ್ಬಿ ತಂದರು. ಮುಚ್ಚಳದ ಸುತ್ತ ಬಟ್ಟೆ, ಬಟ್ಟೆಯ ಮೇಲೆ ಮೇಣ.

"ಅಮ್ಮ ಉಪ್ಪಿನಕಾಯಿ ಭರಣಿ ಕಟ್ತಿದ್ದ ಹಾಗೇ ಕಟ್ಟಿದ್ದೇನೆ. ಒಂದು ಚೂರು ಗಾಳಿ ಹೋಗ್ಲಿಕ್ಕಿಲ್ಲ."

ಮುಚ್ಚಳ ತೆಗೆದದ್ದೇ ತಡ, ವಿನೆಗರಿನ ವಾಸನೆ ಮೂಗಿಗೆ ಹೊಡೆಯಿತು. ರೀಲು ಅಂಟಿಕೊಂಡು ಗಟ್ಟಿ ಬಿಲ್ಲೆಯಾಗಿತ್ತು. ಎಳೆದ ತುದಿ ಅವರ ಬೆರಳಲ್ಲೇ ಪುಡಿಯಾಯಿತು. ಹಳೆಯ ಫಿಲ್ಮು ಹುಳಿಯ ಆವಿಯನ್ನು ತಾನೇ ಬಿಡುತ್ತದೆ, ಅದು ಹೊರಹೋಗದಿದ್ದರೆ ಫಿಲ್ಮನ್ನೇ ಹಾಳುಮಾಡುತ್ತದೆ. ಗಾಳಿಯಾಡಿದ್ದರೆ ಇನ್ನಷ್ಟು ವರ್ಷ ಬಾಳುತ್ತಿತ್ತೋ ಏನೋ. ಅದನ್ನು ತಿಂದದ್ದು ಅವರ ಜೋಪಾನವೇ.

"ಅಡುಗೆಗೆ ವಿನೆಗರ್ ಆಯ್ತು, ಇನ್ನು ಹಂದಿ ಮಾಂಸ ಹಾಕುವುದೊಂದು ಬಾಕಿ," ಎಂದರು ಬಾಯಮ್ಮ. "ಹೋಗ್ಲಿ, ನೀವು ದಿನಾ ಓಡಿಸಿದ್ದಲ್ವಾ? ಬಾಯಲ್ಲೇ ಹೇಳಿ. ಅವಳು ಗುರುವನ್ನು ಕೊಂದಳಾ, ಬಿಟ್ಟಳಾ?"

ಇನೋಸೆಂಟ್ ಬೆರಳಿನ ಪುಡಿಯನ್ನು ಪ್ಯಾಂಟಿಗೆ ಒರೆಸಿಕೊಂಡರು.

"ಆ ರೀಲು ಹಾಕಿದ ಮೇಲೆ ನಾನು ಕ್ಯಾಬಿನ್ನಿನ ಕಿಂಡಿಗೆ ಬೆನ್ನು ಹಾಕಿ ಕೂತ್ಕೊಳ್ತಿದ್ದೆ. ನಿನ್ನೊಟ್ಟಿಗೆ ನೋಡುವ ಅಂತ."

ಹೊಸ ಬಲ್ಬಿನ ಬೆಳಕು ಖಾಲಿ ಬೆಡ್‌ಶೀಟಿನ ಮೇಲೆ ಬಿದ್ದಿತ್ತು. ಬಾಯಮ್ಮ ಅದನ್ನೇ ತುಂಬ ಹೊತ್ತು ನೋಡಿದರು. ನಾನೂ, ವಿದ್ಯುತ್ತಿನ ಬಿಲ್ಲು ನೆನಪಾದರೂ, ಆರಿಸಲಿಲ್ಲ. ಕಡೆಗೆ ಅವರೇ ಎದ್ದರು.

"ಟ್ಯಾಕ್ಸಿ ಕರೀರಿ ಶೆಟ್ರೇ. ತೇರ್ಸಿಗೆ ಹೊತ್ತಾಯ್ತು."

ಇನೋಸೆಂಟ್ ಡಬ್ಬಿಯ ಮುಚ್ಚಳವನ್ನು, ಅಭ್ಯಾಸಬಲದಿಂದ, ಗಾಳಿಯಾಡದಂತೆ ಒತ್ತಿ ಮುಚ್ಚಿದರು.