ಶೆರಿಫರ ಮುಂದೆ ಹೇಳಿದ ಹೆಸರು

ಅಮೆರಿಕದ ವರ್ಜೀನಿಯಾದ ಆ ಜಿಲ್ಲೆಯಲ್ಲಿ ಆಗೆಲ್ಲ ಮತ ಹಾಕುವವರು ಕೋರ್ಟಿನ ಅಂಗಳದಲ್ಲಿ, ಚುನಾವಣೆ ನಡೆಸುವ ಅಧಿಕಾರಿ ಶೆರಿಫರ ಮುಂದೆ ನಿಂತು, ತಮಗೆ ಬೇಕಾದವರ ಹೆಸರನ್ನು ಎಲ್ಲರಿಗೂ ಕೇಳುವಂತೆ ಹೇಳಬೇಕಿತ್ತು. ಚುನಾವಣೆಗೆ ನಿಂತವರು ಮಾತ್ರ ಎದುರಾಳಿಯ ಹೆಸರನ್ನೇ ಹೇಳುವುದು ಮರ್ಯಾದಸ್ಥರ ರೂಢಿ.

ವಕೀಲ ಸೈಲಸ್ ಟ್ಯಾರಂಟ್ ವಾಷಿಂಗ್ಟನ್ನಿನ ಸಂಸತ್ತಾದ ಕಾಂಗ್ರೆಸ್ಸಿಗೆ ನಿಂತ ವರ್ಷ ಅವನ ಎದುರಾಳಿ ಹಿರಿಯ ವಕೀಲ ಎಡ್ಮಂಡ್ ಪೆಗ್ರಮ್. ಅವನನ್ನು ಮನೆಯಲ್ಲಿಟ್ಟುಕೊಂಡು ಕಾನೂನು ಕಲಿಸಿದವರೂ ಅವರೇ. ಸಂಜೆಯ ಹೊತ್ತಿಗೆ ಪೆಗ್ರಮ್ ಒಂದೇ ಮತದಿಂದ ಮುಂದಿದ್ದರು. ಉಳಿದದ್ದು ಇವರಿಬ್ಬರ ಮತ.

ಪೆಗ್ರಮ್ ಹ್ಯಾಟು ತೆಗೆದು, "ನನ್ನ ಮತ ನಮ್ಮ ಸೈಲಸ್‌ಗೆ," ಎಂದರು. ಈಗ ಸರಿಸಮವಾಯಿತು. ಸೈಲಸ್ ನೆಲ ನೋಡುತ್ತಾ ತನ್ನದೇ ಹೆಸರು ಹೇಳಿದ.

ಆ ಒಂದು ಮತದಿಂದ ಅವನೇ ಗೆದ್ದ. ಪೆಗ್ರಮ್ ಹತ್ತಿರ ಬಂದು ಕೈ ಕುಲುಕಿದರು. "ವಾಷಿಂಗ್ಟನ್ನಲ್ಲಿ ಕೆಸರು ಜಾಸ್ತಿಯಂತೆ. ಒಳ್ಳೇ ಬೂಟು ಹೊಲಿಸ್ಕೊಳಪ್ಪ."

ಮೂರು ಅವಧಿ ಸೈಲಸ್ ಕಾಂಗ್ರೆಸ್ಸಿನಲ್ಲಿ ಕೂತ, ಪ್ರಾಮಾಣಿಕತೆಯ ಮೇಲೆ ಉದ್ದುದ್ದ ಭಾಷಣ ಬಿಗಿದ. ಊರಿಗೆ ಬಂದಾಗಲೆಲ್ಲ ಪೆಗ್ರಮರ ಗೇಟಿನವರೆಗೆ ಹೋಗಿ ಕುದುರೆ ತಿರುಗಿಸಿಕೊಂಡು ಬರುತ್ತಿದ್ದ. ನಾಳೆ ಹೋದರಾಯಿತು ಎಂದು ಮುಂದೂಡುತ್ತಿರುವಾಗಲೇ ಅವರು ತೀರಿಕೊಂಡರು.

ಎಪ್ಪತ್ತು ದಾಟಿದ ಮೇಲೆ ಒಂದು ಚುನಾವಣೆಯ ದಿನ ಅವನು ಕೋಲೂರಿಕೊಂಡು ಅದೇ ಅಂಗಳಕ್ಕೆ ಬಂದ.

"ಯಾರಿಗೆ ಸಾರ್ ನಿಮ್ಮ ಮತ?" ಎಂದು ಹೊಸ ಶೆರಿಫ್ ಕೇಳಿದ.

"ಎಡ್ಮಂಡ್ ಪೆಗ್ರಮ್."

"ಅವ್ರು ಹೋಗಿ ಇಪ್ಪತ್ತು ವರ್ಷ ಆಯ್ತಲ್ಲ ಸಾರ್. ಈ ಮತ ಲೆಕ್ಕಕ್ಕೆ ಬರಲ್ಲ."

"ಗೊತ್ತು ಕಣಪ್ಪ," ಎಂದ ಸೈಲಸ್. "ಲೆಕ್ಕಕ್ಕೆ ಬರ್ತಿದ್ದ ದಿನ ನಾನು ಹೇಳ್ಲಿಲ್ಲ."