ವಾಲ್ಟ್ಸ್ ಆದ ಓಬೇಲೆ

ಸಾಂತಾಕ್ರೂಜಿನ ಹೋಟೆಲೊಂದರಲ್ಲಿ ೧೯೫೫ರ ಸುಮಾರಿಗೆ ಸೀನನ ಕ್ಲಾರಿನೆಟ್ಟಿಗೆ ಅವನ ಹೆಂಡತಿ ಮೋಹಿನಿ ಪಿಯಾನೊ ನುಡಿಸುತ್ತಿದ್ದಳು. ಊರಿನ ಹೆಂಗಸರು ನಾಟಿಗದ್ದೆಯಲ್ಲಿ ಎಳೆದೆಳೆದು ಹಾಡುವ ಓಬೇಲೆಯನ್ನು ಇಬ್ಬರೂ ವರ್ಷವಿಡೀ ಕೂತು ಎರಡು ವಾದ್ಯಗಳಿಗೆ ಹೊಂದಿಸಿದ್ದರು.

‘ಊಟದ ಹೊತ್ತಿಗೆ ಈ ಗೋಳು ಬೇಡ, ಕುಣಿಯೋ ವಾಲ್ಟ್ಸ್ ಮಾಡಿ,’ ಎಂದ ಮ್ಯಾನೇಜರ್. ಸೀನ ಹಲ್ಲುಕಿರಿದು, ಮರುದಿನವೇ ಹಾಗೆ ಬದಲಿಸಿ ತಂದ. ಬೆನ್ನುಮೂಳೆಯಿಲ್ಲದವನಿಗೂ ಕೋಟು ಎಷ್ಟು ನೆಟ್ಟಗೆ ಕೂರುತ್ತದೆ ಎಂದುಕೊಂಡಳು ಮೋಹಿನಿ.

ಆ ಸಂಜೆ ಅವನು ವಾಲ್ಟ್ಸ್ ಎತ್ತಿಕೊಂಡರೆ ಇವಳು ಹಳೆಯ ಓಬೇಲೆಯನ್ನೇ ನುಡಿಸಿದಳು. ಅವನು ತಡವರಿಸಿ ನಿಂತ. ತಿನ್ನುತ್ತಿದ್ದವರು ತಲೆಯೆತ್ತಲಿಲ್ಲ; ಅವರನ್ನೂ ಕಂಡು ಅವಳಿಗೆ ಹೇಸಿಗೆಯಾಯಿತು.

‘ನನ್ನ ಮರ್ಯಾದೆ ತೆಗೆದೆ,’ ಎಂದ ಸೀನ.

‘ಇದ್ದರಲ್ಲವೇ ತೆಗೆಯುವುದು?’ ಎಂದು ಮೋಹಿನಿ ಪಿಯಾನೊ ಮುಚ್ಚಿದಳು.

ಆಮೇಲೆ ಅವಳು ಅವನನ್ನು ಬಿಟ್ಟು ವಡಾಲದಲ್ಲಿ ಪಿಯಾನೊ ಪಾಠ ಹೇಳಿಕೊಂಡು ಬದುಕಿದಳು. ಸೀನನ ವಾಲ್ಟ್ಸ್ ಹೋಟೆಲಿನಲ್ಲಿ ಭರ್ಜರಿಯಾಗಿ ನಡೆಯಿತು.