ನಿನ್ನೆಯ ಬಂಗುಡೆ

ಕಡಲತಡಿಯ ಕೋಡಿಯಿಂದ ಬುಟ್ಟಿ ಹೊತ್ತು ನಮ್ಮ ಓಣಿಗೆ ಬರುತ್ತಿದ್ದ ಮೀನು ಮಾರುವ ಅಮ್ಮ, ನಾವು ಕೇಳುವ ಮೊದಲೇ ಬಂಗುಡೆಯ ಕಿವಿರು ಎತ್ತಿ ತೋರಿಸುತ್ತಿದ್ದರು. ಹಿಂದಿನ ದಿನ ಉಳಿದದ್ದಾದರೆ ತಾವೇ, "ಇದ್ ನಿನ್ನೆದ್. ಇದ್ದದ್ದ್ ಇದ್ದಾಂಗೆ ಹೇಳ್ಕ್" ಎನ್ನುವರು.

ದಿನಬಳಕೆಗೆಂದು ಜೇಬಿನಲ್ಲಿ ಹಿಡಿಯುವ ಪುಟ್ಟ ಡಿಜಿಟಲ್ ಕ್ಯಾಮೆರಾ ಕೊಂಡಿದ್ದೆ. ಅಂಗಡಿಯವನು ಅದರ ಬಣ್ಣವನ್ನು ಹೊಗಳಿದ್ದೇ ಹೊಗಳಿದ್ದು! ಪರೀಕ್ಷೆಗೆ ಒಂದು ದಿನ ಅವರ ಬುಟ್ಟಿಯ ನಿನ್ನೆಯ ಮೀನಿನದೇ ಫೋಟೊ ತೆಗೆದೆ. ಕಂದಿಹೋಗಿದ್ದ ಕಿವಿರು ಪರದೆಯ ಮೇಲೆ ಆಗಷ್ಟೇ ಹಿಡಿದ ಮೀನಿನದರಂತೆ ಕೆಂಪಗೆ ಹೊಳೆಯಿತು. ಅದನ್ನು ನೋಡಿದ್ದೇ ಮೀನಿನ ಅಮ್ಮನಿಗೆ ಸಿಟ್ಟು ನೆತ್ತಿಗೇರಿತು.

"ಎಂತ ಮಗಾ ಇದ್? ಇಷ್ಟ್ ವರ್ಷ ನಾನ್ ಮಾಡ್ದೇ ಇದ್ದ್ ಮೋಸ ಈ ಡಬ್ಬಿ ಒಂದೇ ಗಳಿಗೆಗ್ ಮಾಡ್ತ್ ಕಾಣ್!"

ಸಮಾಧಾನಕ್ಕೆಂದು ಅವರದೇ ಫೋಟೊ ತೆಗೆದು ತೋರಿಸಿದೆ. ಪರದೆಯ ಮೇಲಿನ ಮುಖದಲ್ಲಿ ಅವರ ಒಂದು ಸುಕ್ಕೂ ಇರಲಿಲ್ಲ.

ಅಮ್ಮ ಬುಟ್ಟಿಯನ್ನು ತಲೆಗೇರಿಸಿದರು.

"ಅದನ್ನ ಅಳ್ಸ್ ಮಗಾ. ನಾನೂ ನಿನ್ನೆದೇ."